ಕಂಪನಿ ಕೈ ಬದಲಾಯಿತು, ಈಗ ನನ್ನ ಫೋನ್ ಗತಿ ಏನು?

ಪ್ರಶ್ನೆ: ಎರಡು ವರ್ಷದ ಹಿಂದೆ ತಗೊಂಡ ಫೋನ್ ಬಳಸುತ್ತಿದ್ದೇನೆ. ಈಗ ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿದೆಯಂತೆ. "ಗ್ರಾಹಕರಿಗೆ ಏನೂ ಬದಲಾಗುವುದಿಲ್ಲ" ಎಂದು ಹೇಳಿಕೆ ಕೊಟ್ಟಿದ್ದಾರೆ. ನಂಬಬಹುದಾ? ಅಪ್‌ಡೇಟ್, ರಿಪೇರಿ, ವಾರಂಟಿ ಎಲ್ಲ ಏನಾಗುತ್ತದೆ? ಮುಂದಿನ ಫೋನ್ ಇದೇ ಬ್ರ್ಯಾಂಡ್‌ನದು ತಗೋಬಹುದಾ? ಇನ್ನೊಂದು ಮಾತು. ಅಷ್ಟೊಂದು ದುಡ್ಡು ಸುರಿದು ಕೊಂಡು ಆಮೇಲೆ ಬ್ರ್ಯಾಂಡನ್ನೇ ಮುಚ್ಚಿಬಿಡುತ್ತಾರಲ್ಲ, ಅದು ಯಾಕೆ?

ಉತ್ತರ: ಮೊದಲು ಗಾಬರಿ ಬಿಡಿ. ನಾಳೆ ಬೆಳಿಗ್ಗೆ ನಿಮ್ಮ ಫೋನ್ ಎಂದಿನ ಹಾಗೇ ಅಲಾರಂ ಹೊಡೆಯುತ್ತದೆ. ಕರೆ ಬರುತ್ತದೆ, ಚಾರ್ಜ್ ಆಗುತ್ತದೆ. "ಏನೂ ಬದಲಾಗುವುದಿಲ್ಲ" ಎಂದು ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಆ ಮಾತಿನ ಮುಂದೆ "ಸದ್ಯಕ್ಕೆ" ಅಂತ ಒಂದು ಪದ ಇರಬೇಕಿತ್ತು, ಅದನ್ನು ನುಂಗಿಕೊಂಡಿದ್ದಾರೆ, ಅಷ್ಟೇ.

ನೀವು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ. ಕೊಂಡರು ಅಂದರೆ ಏನನ್ನು ಕೊಂಡರು? ಹೊರಗಿನಿಂದ ನೋಡುವವರಿಗೆ ಬ್ರ್ಯಾಂಡ್ ಅಂದರೆ ಒಂದೇ ವಸ್ತು. ಒಳಗೆ ಅದು ನಾಲ್ಕೈದು ಗಂಟು. ಹೆಸರು ಒಂದು, ಪೇಟೆಂಟ್ ಒಂದು, ಕೆಲಸ ಬಲ್ಲ ಎಂಜಿನಿಯರ್‌ಗಳು, ಫ್ಯಾಕ್ಟರಿ, ಆಮೇಲೆ ಸಾಫ್ಟ್‌ವೇರ್ ಮತ್ತು ಅದರ ಸರ್ವರ್‌ಗಳು. ಮಾರುವಾಗ ಇವೆಲ್ಲ ಒಟ್ಟಿಗೇ ಹೋಗಬೇಕು ಅಂತೇನಿಲ್ಲ, ಎಷ್ಟೋ ಸಲ ಹೋಗುವುದೂ ಇಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ, ಒಬ್ಬನಿಗೆ ಪಡಸಾಲೆ, ಒಬ್ಬನಿಗೆ ಹಿತ್ತಿಲು, ಇನ್ನೊಬ್ಬನಿಗೆ ಬಾವಿ. ನಿಮ್ಮ ಫೋನಿನ ಭವಿಷ್ಯ ಇರುವುದು ಯಾವ ಗಂಟು ಯಾರ ಪಾಲಿಗೆ ಹೋಯಿತು ಅನ್ನುವುದರಲ್ಲಿ.

ನೋಕಿಯಾ ಕತೆಯನ್ನೇ ತಗೊಳ್ಳಿ. 2013ರ ಸೆಪ್ಟೆಂಬರ್‌ನಲ್ಲಿ "ಮೈಕ್ರೋಸಾಫ್ಟ್ ನೋಕಿಯಾ ಕೊಂಡಿತು" ಅಂತ ಎಲ್ಲ ಕಡೆ ಸುದ್ದಿ ಬಂತು. ಅವರು ಕೊಂಡಿದ್ದು ನೋಕಿಯಾದ ಫೋನ್ ವಿಭಾಗವನ್ನು ಮಾತ್ರ. ಒಟ್ಟು 544 ಕೋಟಿ ಯೂರೋ. ಅದರಲ್ಲಿ 379 ಕೋಟಿ ಫೋನ್ ವ್ಯವಹಾರಕ್ಕೆ, ಉಳಿದ 165 ಕೋಟಿ ಪೇಟೆಂಟ್‌ಗಳನ್ನು ಬಳಸುವ ಲೈಸೆನ್ಸ್‌ಗೆ. ಬಳಸುವ ಲೈಸೆನ್ಸ್ ಅಷ್ಟೇ, ಪೇಟೆಂಟ್‌ಗಳ ದೊಡ್ಡ ಪಾಲು ನೋಕಿಯಾ ಹತ್ತಿರವೇ ಉಳಿಯಿತು. ನೆಟ್‌ವರ್ಕ್ ಉಪಕರಣದ ವ್ಯವಹಾರ ಉಳಿಯಿತು. ಮ್ಯಾಪ್ ಕೂಡ ಉಳಿಯಿತು, ಅದನ್ನು 2015ರಲ್ಲಿ ಔಡಿ, ಬಿಎಂಡಬ್ಲ್ಯೂ, ಡೈಮ್ಲರ್ ಸೇರಿ ಕೊಂಡವು. ಎಲ್ಲಕ್ಕಿಂತ ಮಜಾ ಏನೆಂದರೆ ನೋಕಿಯಾ ಅನ್ನುವ ಹೆಸರೂ ಮೈಕ್ರೋಸಾಫ್ಟ್ ಪಾಲಾಗಲಿಲ್ಲ. ಬಟನ್ ಫೋನುಗಳಿಗೆ ಹತ್ತು ವರ್ಷ ಬಳಸಿಕೊಳ್ಳಬಹುದಿತ್ತು, ಸ್ಮಾರ್ಟ್‌ಫೋನುಗಳಿಗೆ ಸ್ವಲ್ಪ ಕಾಲ ಮಾತ್ರ. ಅದಕ್ಕೇ 2014ರ ನವೆಂಬರ್‌ನಲ್ಲಿ ಬಂದ ಲೂಮಿಯಾ 535 ಸ್ಮಾರ್ಟ್‌ಫೋನ್ ಮೇಲೆ ಮೈಕ್ರೋಸಾಫ್ಟ್ ಅಂತ ಬರೆದಿತ್ತು.

2014ರ ಜುಲೈನಲ್ಲಿ ಮೈಕ್ರೋಸಾಫ್ಟ್ 18,000 ಕೆಲಸ ಕಡಿತ ಘೋಷಿಸಿತು, ಅದರಲ್ಲಿ ಸುಮಾರು 12,500 ನೋಕಿಯಾದಿಂದ ಬಂದ ವಿಭಾಗದವು. ಮರುವರ್ಷ 760 ಕೋಟಿ ಡಾಲರ್ ನಷ್ಟ ಎಂದು ಲೆಕ್ಕ ತೋರಿಸಿತು. ಕೊಳ್ಳುವಾಗ ಹೇಳಿದ ಬೆಲೆ ಡಾಲರ್ ಲೆಕ್ಕದಲ್ಲಿ ಸುಮಾರು 720 ಕೋಟಿ. ಇಡೀ ಗಂಟೇ ಹೋಯಿತು ಅನ್ನಿ. 2016ರ ಮೇ ತಿಂಗಳಲ್ಲಿ ಉಳಿದ ಬಟನ್ ಫೋನ್ ವ್ಯವಹಾರವನ್ನು 35 ಕೋಟಿ ಡಾಲರ್‌ಗೆ ಮಾರಿದರು. ಒಂದು ಪಾಲು ಬೇರೆ ಕಂಪನಿಗಳಿಗೆ ಫೋನ್ ತಯಾರಿಸಿಕೊಡುವ ಫಾಕ್ಸ್‌ಕಾನ್ ಬಳಗದ ಎಫ್‌ಐಎಚ್‌ಗೆ, ಇನ್ನೊಂದು ಪಾಲು ಹೊಸದಾಗಿ ಹುಟ್ಟಿದ ಎಚ್‌ಎಂಡಿ ಗ್ಲೋಬಲ್‌ಗೆ. ನೋಕಿಯಾ ತನ್ನ ಹೆಸರನ್ನು ಎಚ್‌ಎಂಡಿಗೆ ಹತ್ತು ವರ್ಷಕ್ಕೆ ಲೈಸೆನ್ಸ್ ಕೊಟ್ಟಿತು. 2017ರ ಜನವರಿಯಲ್ಲಿ ನೋಕಿಯಾ 6 ಬಂದಾಗ ಜನ "ನೋಕಿಯಾ ವಾಪಸ್ ಬಂತು" ಅಂತ ಖುಷಿಪಟ್ಟರು. ಬಂದದ್ದು ಹೆಸರು. ಫೋನ್ ಎಚ್‌ಎಂಡಿಯದು, ತಯಾರಿಕೆ ಎಫ್‌ಐಎಚ್‌ನದು, ಆಂಡ್ರಾಯ್ಡ್ ಗೂಗಲ್‌ನದು. ಆ ಫೋನುಗಳ ಪೆಟ್ಟಿಗೆಯ ತಳದಲ್ಲಿ, ಕನ್ನಡಕ ಹಾಕಿಕೊಂಡೇ ಓದಬೇಕಾದ ಅಕ್ಷರದಲ್ಲಿ, ನೋಕಿಯಾ ಎನ್ನುವುದು ನೋಕಿಯಾ ಕಾರ್ಪೊರೇಶನ್‌ನ ಟ್ರೇಡ್‌ಮಾರ್ಕ್, ಎಚ್‌ಎಂಡಿ ಅದರ ಲೈಸೆನ್ಸ್ ಪಡೆದವರು ಎಂಬ ಸಾಲಿರುತ್ತದೆ. ಫೋನ್ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವುದಕ್ಕೆ ಉತ್ತರ ಅಲ್ಲಿದೆ, ಮುಖದ ಮೇಲಿನ ದೊಡ್ಡ ಅಕ್ಷರದಲ್ಲಿಲ್ಲ.

ಇದಕ್ಕಿಂತ ತಮಾಷೆಯ ಒಂದು ಸಂಗತಿ ಹೇಳುತ್ತೇನೆ. ಅಲ್ಕಾಟೆಲ್ ಹೆಸರಿನ ಫೋನುಗಳನ್ನು ಮಾಡುತ್ತಿದ್ದದ್ದು ಚೀನಾದ ಟಿಸಿಎಲ್, ಹೆಸರು ಮಾತ್ರ ಅಲ್ಕಾಟೆಲ್-ಲೂಸೆಂಟ್ ಕಂಪನಿಯಿಂದ ಲೈಸೆನ್ಸ್ ಪಡೆದದ್ದು. 2016ರಲ್ಲಿ ಅಲ್ಕಾಟೆಲ್-ಲೂಸೆಂಟನ್ನು ನೋಕಿಯಾ ಕೊಂಡಿತು. ಹಾಗಾಗಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತು ಪೈಪೋಟಿ ಮಾಡುತ್ತಿದ್ದ ನೋಕಿಯಾ ಫೋನು, ಅಲ್ಕಾಟೆಲ್ ಫೋನು, ಎರಡರ ಹೆಸರಿಗೂ ಒಡೆಯ ಒಬ್ಬನೇ ಆಗಿಬಿಟ್ಟ. ಎರಡರಲ್ಲಿ ಒಂದನ್ನೂ ಅವನು ಮಾಡುತ್ತಿರಲಿಲ್ಲ!

ಈಗ "ಕೊಂಡು ಯಾಕೆ ಮುಚ್ಚುತ್ತಾರೆ" ಅನ್ನುವುದಕ್ಕೆ ಬರೋಣ. ಕೆಲವರು ಮುಚ್ಚುವುದಕ್ಕೆಂದು ಕೊಳ್ಳುವುದಿಲ್ಲ, ಅವರಿಗೆ ಬೇಕಾಗಿದ್ದೇ ಬೇರೆ ಗಂಟು. ಗೂಗಲ್ 2011ರಲ್ಲಿ ಮೋಟೊರೋಲಾ ಮೊಬಿಲಿಟಿಗೆ 1,250 ಕೋಟಿ ಡಾಲರ್ ಕೊಡಲು ಒಪ್ಪಿತು. ಆಗ ಆಂಡ್ರಾಯ್ಡ್ ಮೇಲೆ ಎಲ್ಲ ಕಡೆಯಿಂದ ಪೇಟೆಂಟ್ ಕೇಸು ಬೀಳುತ್ತಿದ್ದವು, ಮೋಟೊರೋಲಾ ಹತ್ತಿರ ಸುಮಾರು 17,000 ಪೇಟೆಂಟ್ ಇದ್ದವು. ಟಿವಿ ಸೆಟ್‌ಟಾಪ್ ಬಾಕ್ಸ್ ವಿಭಾಗವನ್ನು ಆರಿಸ್ ಅನ್ನುವ ಕಂಪನಿಗೆ 235 ಕೋಟಿ ಡಾಲರ್‌ಗೆ ಮಾರಿದರು. 2014ರ ಜನವರಿಯಲ್ಲಿ ಫೋನ್ ವಿಭಾಗವನ್ನು ಲೆನೊವೊಗೆ 291 ಕೋಟಿಗೆ ಮಾರಲು ಒಪ್ಪಿದರು. ಪೇಟೆಂಟ್‌ಗಳ ಹೆಚ್ಚಿನ ಪಾಲು, ಜೊತೆಗೆ ಒಂದು ಸಂಶೋಧನಾ ತಂಡ, ಎರಡನ್ನೂ ತಾವೇ ಇಟ್ಟುಕೊಂಡರು. ಕೊಂಡಾಗ ಮೋಟೊರೋಲಾ ಖಾತೆಯಲ್ಲೇ ಸುಮಾರು 300 ಕೋಟಿ ಡಾಲರ್ ನಗದು ಇತ್ತು. "1,250ಕ್ಕೆ ಕೊಂಡು 291ಕ್ಕೆ ಮಾರಿದರು, ಪೆದ್ದರು" ಅಂತ ನಗುವವರು ಈ ಲೆಕ್ಕವನ್ನು ಬಿಟ್ಟೇ ನಗುತ್ತಾರೆ. ಹಾಗಂತ ಅದು ಲಾಭದ ವ್ಯಾಪಾರ ಅಂತಲೂ ನಾನು ಹೇಳಲಾರೆ.

2017ರಲ್ಲಿ ಇದೇ ಗೂಗಲ್ ತೈವಾನ್‌ನ ಫೋನ್ ಕಂಪನಿ ಎಚ್‌ಟಿಸಿಗೆ 110 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಜನರನ್ನು. ಸುಮಾರು 2,000 ಎಂಜಿನಿಯರ್‌ಗಳು, ಅವರಲ್ಲಿ ಅನೇಕರು ಆಗಲೇ ಗೂಗಲ್‌ನ ಪಿಕ್ಸೆಲ್ ಫೋನಿನ ಕೆಲಸ ಮಾಡುತ್ತಿದ್ದವರು. ಎಚ್‌ಟಿಸಿ ಹೆಸರು ಎಚ್‌ಟಿಸಿಗೇ ಉಳಿಯಿತು. ಬೋರ್ಡು ಇದೆ, ಕೆಲಸ ಬಲ್ಲ ಕೈಗಳು ಹೋದವು.

ಇನ್ನು ಕೆಲವು ಸಲ ಮುಚ್ಚುವುದಕ್ಕೆ ಕಾರಣ ತುಂಬ ಮಾಮೂಲಿ. ಕೊಂಡ ಯಜಮಾನ ಒಬ್ಬ, ನಡೆಸುವ ಯಜಮಾನ ಇನ್ನೊಬ್ಬ. ಕಂಪ್ಯೂಟರ್ ಕಂಪನಿ ಎಚ್‌ಪಿ 2010ರಲ್ಲಿ ಫೋನ್ ಮಾಡುತ್ತಿದ್ದ ಪಾಮ್ ಕಂಪನಿಯನ್ನು 120 ಕೋಟಿ ಡಾಲರ್‌ಗೆ ಕೊಂಡಿತು. ಜುಲೈನಲ್ಲಿ ವ್ಯವಹಾರ ಮುಗಿಯಿತು, ಆಗಸ್ಟ್‌ನಲ್ಲಿ ಎಚ್‌ಪಿ ಮುಖ್ಯಸ್ಥ ಮಾರ್ಕ್ ಹರ್ಡ್ ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಲಿಯೊ ಅಪೊಥೆಕರ್ ಅವರಿಗೆ ಯಂತ್ರಗಳಿಗಿಂತ ಸಾಫ್ಟ್‌ವೇರ್ ವ್ಯವಹಾರದ ಕಡೆಗೇ ಒಲವು. ಆಂಡ್ರಾಯ್ಡ್ ಥರದ್ದೇ ಪಾಮ್‌ನ ಸಾಫ್ಟ್‌ವೇರ್ ವೆಬ್‌ಓಎಸ್ ಹಾಕಿದ ಟಚ್‌ಪ್ಯಾಡ್ ಅನ್ನುವ ಟ್ಯಾಬ್ಲೆಟ್ 2011ರ ಜುಲೈ 1ರಂದು ಅಂಗಡಿಗೆ ಬಂತು, ಆಗಸ್ಟ್ 18ರಂದು ನಿಲ್ಲಿಸಿದರು. 49 ದಿನ. ಕೊಂಡವರು ಪೆಟ್ಟಿಗೆಯ ಪ್ಲಾಸ್ಟಿಕ್ ವಾಸನೆ ಹೋಗುವ ಮೊದಲೇ ಅನಾಥರಾದರು. ನೋಕಿಯಾ ವಿಷಯದಲ್ಲೂ ಹೀಗೇ. ಒಪ್ಪಂದ ಮಾಡಿದ್ದು ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಮರ್ ಕಾಲದಲ್ಲಿ, ಅದು ಪೂರ್ತಿಯಾದ 2014ರ ಏಪ್ರಿಲ್ ಹೊತ್ತಿಗೆ ಕುರ್ಚಿಯಲ್ಲಿ ಇದ್ದವರು ಸತ್ಯ ನಾದೆಲ್ಲ. ಬೇರೊಬ್ಬ ಹಚ್ಚಿದ ಒಲೆಗೆ ಸೌದೆ ಹಾಕುವ ಹುಮ್ಮಸ್ಸು ಯಾರಿಗಿರುತ್ತದೆ ಹೇಳಿ. ಅಂದ ಹಾಗೆ ವೆಬ್‌ಓಎಸ್ ಸಾಯಲಿಲ್ಲ. 2013ರಲ್ಲಿ ಎಲ್‌ಜಿ ಕೈಗೆ ಹೋಗಿ ಈಗ ಟಿವಿಗಳೊಳಗೆ ಆರಾಮವಾಗಿದೆ. ಪಾಮ್ ಅನ್ನುವ ಹೆಸರು ಟಿಸಿಎಲ್ ಪಾಲಾಯಿತು.

ಸರಿ, ನಿಮ್ಮ ಕೈಯಲ್ಲಿರುವ ಫೋನ್ ವಿಷಯ.

ಮೊದಲು ಪೆಟ್ಟು ಬೀಳುವುದು ಅಪ್‌ಡೇಟ್‌ಗೆ. ಒಮ್ಮೆಲೇ ನಿಲ್ಲುವುದಿಲ್ಲ, ಮೊದಲು ನಿಧಾನ ಆಗುತ್ತದೆ. ಮೋಟೊರೋಲಾ ಗೂಗಲ್ ಕೈಲಿದ್ದಾಗ ಮೋಟೋ ಎಕ್ಸ್‌ಗೆ ಆಂಡ್ರಾಯ್ಡ್ 4.4 ಹೊರಬಂದ ಕೆಲವೇ ವಾರಗಳಲ್ಲಿ ಸಿಕ್ಕಿತ್ತು. ಲೆನೊವೊ ಕೈಗೆ ಹೋದ ಮೇಲೆ, 2015ರಲ್ಲಿ, ಆಂಡ್ರಾಯ್ಡ್ 6 ಯಾವ ಫೋನುಗಳಿಗೆ ಅಂತ ಪಟ್ಟಿ ಹಾಕಿದರು. ಅದೇ ವರ್ಷ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದ ಮೋಟೋ ಇ ಆ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಮರುವರ್ಷ ತಿಂಗಳು ತಿಂಗಳು ಸೆಕ್ಯುರಿಟಿ ಪ್ಯಾಚ್ (ಭದ್ರತೆಯ ತೂತು ಮುಚ್ಚುವ ಪುಟ್ಟ ಅಪ್‌ಡೇಟ್) ಕೊಡುವುದು ಕಷ್ಟ ಅಂತ ಕಂಪನಿಯೇ ಹೇಳಿತು. ಹೆಸರು ಅದೇ, ಫೋನಿನ ಬೆನ್ನ ಮೇಲಿನ ಗುಳಿಯೂ ಅದೇ.

ಯಾಕೆ ಹೀಗೆ? ದುಡ್ಡು ಉಳಿಸಲು ಅನ್ನುವುದು ಅರ್ಧ ಉತ್ತರ. ಇನ್ನರ್ಧ ನಾನು ಹತ್ತಿರದಿಂದ ನೋಡಿದ್ದು. ಇಂಥದ್ದೇ ಒಂದು ಕೈಬದಲಿನ ಹೊತ್ತಿನಲ್ಲಿ ನಾನು ಸಾಫ್ಟ್‌ವೇರ್ ತಂಡದಲ್ಲಿದ್ದೆ. ಕಂಪನಿ ಹೆಸರು ಬೇಡ. ಒಂದು ಮೀಟಿಂಗ್‌ನಲ್ಲಿ ಗೋಡೆ ಮೇಲೆ ಎಕ್ಸೆಲ್ ಶೀಟ್ ಹಾಕಿದ್ದರು. ಒಂದೊಂದು ಸಾಲಿನಲ್ಲಿ ಒಂದೊಂದು ಮಾಡೆಲ್, ಕೊನೆಯ ಕಾಲಂನಲ್ಲಿ "ಮುಂದುವರಿಸಬೇಕಾ?" ಅಂತ. ಹಳೆಯ ಮಾಡೆಲ್ ಒಂದರ ಸಾಲು ಬಂದಾಗ ಹೊಸ ಮ್ಯಾನೇಜರ್ ಕೇಳಿದರು, ಇದರ ಕ್ಯಾಮೆರಾ ಡ್ರೈವರ್, ಅಂದರೆ ಕ್ಯಾಮೆರಾ ನಡೆಸುವ ಸಾಫ್ಟ್‌ವೇರ್, ಯಾರು ನೋಡಿಕೊಳ್ಳುತ್ತಾರೆ? ಒಬ್ಬರೂ ಬಾಯಿ ಬಿಡಲಿಲ್ಲ. ನೋಡಿಕೊಳ್ಳುತ್ತಿದ್ದವರು ಮೂರು ವಾರದ ಹಿಂದೆ ಕೆಲಸ ಬಿಟ್ಟಿದ್ದರು. ಮ್ಯಾನೇಜರ್ ಆ ಚೌಕದಲ್ಲಿ "ಇಲ್ಲ" ಅಂತ ಟೈಪ್ ಮಾಡಿ ಮುಂದಿನ ಸಾಲಿಗೆ ಹೋದರು. ಹತ್ತು ಸೆಕೆಂಡು ಹಿಡಿಯಿತೇನೋ. ಆ ಫೋನ್ ಇಟ್ಟುಕೊಂಡಿದ್ದವರಿಗೆ ಅದು ಗೊತ್ತಾಗಿದ್ದು ಪ್ಯಾಚ್ ಬರುವುದು ನಿಂತ ಎಷ್ಟೋ ತಿಂಗಳ ಮೇಲೆ.

ಇನ್ನೊಂದು ವಸ್ತು ಇದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಸಹಿ ಹಾಕುವ ಕೀಲಿ. ನಿಮ್ಮ ಫೋನ್ ಯಾರೋ ಕಳಿಸಿದ ಅಪ್‌ಡೇಟನ್ನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ಅದರ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯಾ ಅಂತ ನೋಡುತ್ತದೆ. ಆ ಸಹಿ ಹಾಕುವ ಗುಟ್ಟಿನ ಕೀಲಿ ಒಂದು ಪುಟ್ಟ ಫೈಲ್, ಬಿಗಿ ಭದ್ರತೆಯ ಯಂತ್ರದೊಳಗೆ ಇರುತ್ತದೆ. ಕೊಳ್ಳುಮಾರುವಾಗ ಕಟ್ಟಡ, ಮೇಜು, ಕುರ್ಚಿಗಳ ಪಟ್ಟಿ ಮಾಡುತ್ತಾರೆ, ಈ ಕೀಲಿ ಸರಿಯಾಗಿ ಕೈ ದಾಟದಿದ್ದರೆ ಹೊಸ ಯಜಮಾನ ಬಯಸಿದರೂ ನಿಮ್ಮ ಹಳೆಯ ಫೋನಿಗೆ ಅಪ್‌ಡೇಟ್ ಕಳಿಸಲಾಗದು. ಜೊತೆಗೆ ಚಿಪ್ ಕಂಪನಿಯ ಜೊತೆಗಿನ ಕರಾರು ಬೇರೆ. ಚಿಪ್ ಮಾಡಿದವರು ತಮ್ಮ ಭಾಗದ ಕೋಡ್ ಸರಿಪಡಿಸಿ ಕೊಡದೇ ಹೋದರೆ ಫೋನ್ ಕಂಪನಿ ಮಾಡುವ ಪ್ಯಾಚ್ ಅರ್ಧಂಬರ್ಧವೇ.

ಸರ್ವರ್ ಇನ್ನೊಂದು ತಲೆನೋವು. ಬ್ಲ್ಯಾಕ್‌ಬೆರಿ ಕಂಪನಿಯನ್ನು ಯಾರೂ ಕೊಳ್ಳಲಿಲ್ಲ, ಆದರೂ ಪಾಠ ಅಲ್ಲಿದೆ. 2016ರಲ್ಲಿ ಅವರು ಫೋನ್ ಮಾಡುವುದು ಬಿಟ್ಟು ಹೆಸರನ್ನು ಟಿಸಿಎಲ್‌ಗೆ ಲೈಸೆನ್ಸ್ ಕೊಟ್ಟರು. 2022ರ ಜನವರಿ 4ರಂದು ತಮ್ಮ ಹಳೆಯ ಬ್ಲ್ಯಾಕ್‌ಬೆರಿ ಓಎಸ್ ಫೋನುಗಳ ಸೇವೆ ನಿಲ್ಲಿಸಿದರು. ಇನ್ನು ಮುಂದೆ ಕರೆ, ಮೆಸೇಜ್, ತುರ್ತು ಕರೆ ಕೂಡ ಸರಿಯಾಗಿ ಕೆಲಸ ಮಾಡುತ್ತವೆ ಅನ್ನುವ ಭರವಸೆ ಇಲ್ಲ ಎಂದು ಮೊದಲೇ ಹೇಳಿದ್ದರು. ಅದೇ ಹೆಸರಿನ, ಟಿಸಿಎಲ್ ಮಾಡಿದ ಆಂಡ್ರಾಯ್ಡ್ ಫೋನುಗಳಿಗೆ ಅವತ್ತು ಏನೂ ಆಗಲಿಲ್ಲ. ಅವು ನಿಂತಿದ್ದು ಬೇರೆ ಸರ್ವರ್ ಮೇಲೆ.

ವಾರಂಟಿ ವಿಷಯ ಇಷ್ಟೇ. ವಾರಂಟಿ ಕೊಡುವುದು ಲೋಗೋ ಅಲ್ಲ, ಕಾರ್ಡಿನಲ್ಲಿ ಹೆಸರಿರುವ ಕಂಪನಿ. ಅದರ ಶೇರುಗಳನ್ನು ಕೊಂಡಿದ್ದರೆ ಕಂಪನಿ ಹಾಗೇ ಇದೆ, ಯಜಮಾನ ಮಾತ್ರ ಬೇರೆ, ಹಳೆಯ ಮಾತೆಲ್ಲ ಅದರ ತಲೆ ಮೇಲೇ ಇರುತ್ತದೆ. ಆಸ್ತಿ ಮಾತ್ರ ಆರಿಸಿ ಕೊಂಡಿದ್ದರೆ ಹಳೆಯ ಹೊಣೆಗಳು ಯಾರ ಪಾಲಿಗೆ ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ಕೆಟ್ಟ ಉದಾಹರಣೆ ಬೇಕಾದರೆ ಸೀಮೆನ್ಸ್ ನೋಡಿ. 2005ರಲ್ಲಿ ಅವರು ತಮ್ಮ ಮೊಬೈಲ್ ವಿಭಾಗವನ್ನು ತೈವಾನ್‌ನ ಬೆಂಕ್ಯೂಗೆ ಕೊಟ್ಟರು. ಮಾರಿದರು ಅನ್ನುವುದಕ್ಕಿಂತ ಮೇಲೆ ದುಡ್ಡು ಕೊಟ್ಟು ಸಾಗಹಾಕಿದರು ಅನ್ನುವುದೇ ಸರಿ. ಒಂದು ವರ್ಷ ತುಂಬುವ ಮೊದಲೇ, 2006ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ಆ ಘಟಕ ದಿವಾಳಿ ಅರ್ಜಿ ಹಾಕಿತು. ದುಡ್ಡು ಪಡೆಯುವ ಬದಲು ದುಡ್ಡು ಕೊಟ್ಟು ಯಾರಾದರೂ ಬ್ರ್ಯಾಂಡ್ ಬಿಟ್ಟುಕೊಡುತ್ತಿದ್ದಾರೆ ಅಂದರೆ ಒಳಗಿನ ಸ್ಥಿತಿ ಏನು ಅಂತ ಊಹಿಸಿಕೊಳ್ಳಬಹುದು, ಅಲ್ವಾ?

ಎಲ್ಲವೂ ಹಾಳಾಗುತ್ತದೆ ಅಂತಲ್ಲ. 2020ರ ನವೆಂಬರ್‌ನಲ್ಲಿ ಹುವಾವೇ ತನ್ನ ಹಾನರ್ ಬ್ರ್ಯಾಂಡನ್ನು ಮಾರಿತು. ಕೊಂಡಿದ್ದು ಡೀಲರ್‌ಗಳು, ಏಜೆಂಟ್‌ಗಳೆಲ್ಲ ಸೇರಿ ಕಟ್ಟಿಕೊಂಡ ಕೂಟ. ಅಮೆರಿಕದ ನಿರ್ಬಂಧದಿಂದ ಹುವಾವೇಗೆ ಚಿಪ್ ಸಿಗುತ್ತಿರಲಿಲ್ಲ, ಹೊಸ ಫೋನುಗಳಲ್ಲಿ ಗೂಗಲ್ ಸೇವೆ ಇರಲಿಲ್ಲ. ಬೇರೆಯಾದ ಮೇಲೆ ಹಾನರ್‌ಗೆ ಎರಡೂ ಮರಳಿ ಸಿಕ್ಕವು, 2021ರ ಹಾನರ್ 50 ಗೂಗಲ್ ಸಮೇತ ಬಂತು. ಅಲ್ಲಿ ಮಾರಾಟವೇ ಬ್ರ್ಯಾಂಡನ್ನು ಉಳಿಸಿತು. ಒನ್‌ಪ್ಲಸ್ 2021ರಲ್ಲಿ ಒಪ್ಪೊ ಜೊತೆ ಇನ್ನಷ್ಟು ಬೆಸೆದುಕೊಂಡಾಗ ಎರಡರ ಸಾಫ್ಟ್‌ವೇರ್ ಬುಡ ಒಂದೇ ಮಾಡಿದರು. ಹಳೆಯ ಅಭಿಮಾನಿಗಳು ಗೊಣಗಿದ್ದು ನಿಜ, ನನಗೂ ಹಳೆಯ ರೂಪವೇ ಇಷ್ಟವಿತ್ತು. ಆದರೆ ಅದೇ ವರ್ಷ ಅಪ್‌ಡೇಟ್ ಕೊಡುವ ವರ್ಷಗಳನ್ನೂ ಹೆಚ್ಚಿಸಿದರು. ಮೋಟೊರೋಲಾ ಕೂಡ ನೋಡಿ, 2016ರಲ್ಲಿ ಆ ಹೆಸರನ್ನೇ ಕೈಬಿಟ್ಟು ಬರೀ ಮೋಟೋ ಅಂತ ಇಡಲು ಹೊರಟಿದ್ದರು, ಆಮೇಲೆ ಮನಸ್ಸು ಬದಲಾಯಿಸಿ ಹಳೆಯ ರೇಜರ್ ಹೆಸರಿನಲ್ಲೇ ಮಡಚುವ ಫೋನ್ ತಂದರು.

ಹಾಗಾದರೆ ನೀವು ಈಗ ಏನು ಮಾಡಬೇಕು? ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗ್ಗೆ ಇರುವ ಪುಟಕ್ಕೆ ಹೋಗಿ, ಸೆಕ್ಯುರಿಟಿ ಅಪ್‌ಡೇಟ್ ದಿನಾಂಕವನ್ನು ಒಂದು ಕಡೆ ಬರೆದಿಡಿ. ಪತ್ರಿಕಾ ಹೇಳಿಕೆಗಿಂತ ಇದು ಜಾಸ್ತಿ ನಿಜ ಹೇಳುತ್ತದೆ. ಕಂಪನಿಯ ಸ್ವಂತ ಕ್ಲೌಡ್‌ನಲ್ಲಿ ಫೋಟೋ, ನೋಟ್ಸ್ ಇದ್ದರೆ ಇವತ್ತೇ ಬೇರೆ ಕಡೆ ಇಳಿಸಿಕೊಳ್ಳಿ. ಮುಖ್ಯವಾಗಿ ನೋಟ್ಸ್. ಫೋಟೋ ಎಲ್ಲಿ ಬೇಕಾದರೂ ತೆರೆಯುತ್ತದೆ, ಕಂಪನಿಯ ನೋಟ್ಸ್ ಆ್ಯಪ್‌ನೊಳಗೆ ಬರೆದದ್ದು ಎಷ್ಟೋ ಸಲ ಬೇರೆಲ್ಲೂ ತೆರೆಯುವುದಿಲ್ಲ. ಬ್ಯಾಟರಿ ಸೊರಗಿದ್ದರೆ ಅಸಲಿ ಬಿಡಿಭಾಗ ಸಿಗುತ್ತಿರುವಾಗಲೇ ಬದಲಾಯಿಸಿಕೊಳ್ಳಿ. ಮುಂದಕ್ಕೆ ಇರಲಿ ಅಂತ ಬ್ಯಾಟರಿ ತಂದು ಡ್ರಾಯರ್‌ನಲ್ಲಿ ಇಡಬೇಡಿ, ಲಿಥಿಯಂ ಬ್ಯಾಟರಿ ಬಳಸದೇ ಇಟ್ಟರೂ ಮುಪ್ಪಾಗುತ್ತದೆ.

ಹಳೆಯ ಫೋನಿಗೆ ಕಸ್ಟಮ್ ರಾಮ್ (ROM, ಕಂಪನಿಯದಲ್ಲದ ಬೇರೆ ಆಂಡ್ರಾಯ್ಡ್) ಹಾಕಿ ಆಡುವ ಹುಚ್ಚು ನಿಮಗಿದ್ದರೆ ಒಂದು ಕಿವಿಮಾತು. ಕೆಲವು ಕಂಪನಿಗಳಲ್ಲಿ ಬೂಟ್‌ಲೋಡರ್, ಅಂದರೆ ಫೋನ್ ಶುರುವಾಗುವಾಗ ಮೊದಲು ಓಡುವ ಬೀಗದಂಥ ಪ್ರೋಗ್ರಾಂ, ತೆರೆಯಲು ಅವರ ಸರ್ವರ್‌ನಿಂದ ಕೋಡ್ ಬರಬೇಕು. ಎಲ್‌ಜಿ ಫೋನ್ ಮಾಡುವುದನ್ನು 2021ರ ಜುಲೈನಲ್ಲಿ ಬಿಟ್ಟಿತು, ಅದೇ ಡಿಸೆಂಬರ್ 31ಕ್ಕೆ ಆ ಕೋಡ್ ಕೊಡುವ ಸೇವೆಯನ್ನೂ ಮುಚ್ಚಿತು. ಆಮೇಲೆ ಕೇಳಿದವರಿಗೆ ಸಿಗಲಿಲ್ಲ. ಕೋಡ್ ಮಾತ್ರ ಪಡೆದು ಇಟ್ಟುಕೊಳ್ಳಿ, ಬೂಟ್‌ಲೋಡರ್ ತೆರೆದರೆ ಫೋನಿನಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳೂ ಮುನಿಸಿಕೊಳ್ಳುತ್ತವೆ.

ಮುಂದಿನ ಫೋನ್ ಇದೇ ಬ್ರ್ಯಾಂಡ್‌ನದು ತಗೋಬಹುದಾ ಅಂದಿರಿ. ನನ್ನನ್ನು ಕೇಳಿದರೆ ಮೊದಲ ಒಂದು ವರ್ಷ ಬೇಡ. ಆ ವರ್ಷ ಬರುವ ಮಾಡೆಲ್‌ಗಳು ಹಳೆಯ ತಂಡ ಶುರುಮಾಡಿ ಹೊಸ ತಂಡ ಮುಗಿಸಿದವು, ಅವುಗಳಿಗೆ ದಿಕ್ಕು ಯಾರು ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ಪೂರ್ತಿ ಹೊಸ ಯಜಮಾನರ ಕಾಲದಲ್ಲೇ ಹುಟ್ಟಿದ ಮಾಡೆಲ್ ಬರಲಿ, ಅದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಅಂತ ಬರವಣಿಗೆಯಲ್ಲಿ ಕೊಡಲಿ, ಆಮೇಲೆ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ ಮಾರಾಟಕ್ಕೆ ಬಿಡುವುದು ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಸಿಗಬೇಕು, ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗಬೇಕು ಅನ್ನುವ ನಿಯಮ ಬಂದಿದೆ. ಆ ನಿಯಮಕ್ಕೆ ಒಳಪಟ್ಟ ಮಾಡೆಲ್ ಆದರೆ ನನಗೆ ಧೈರ್ಯ ಸ್ವಲ್ಪ ಜಾಸ್ತಿ.

ಈಗಿನ ಫೋನ್ ಮಾತ್ರ ಸುಮ್ನೆ ಬಿಸಾಡಬೇಡಿ. ಬರೆದಿಟ್ಟ ದಿನಾಂಕವನ್ನು ಮೂರು ತಿಂಗಳಾದ ಮೇಲೆ ಮತ್ತೆ ತೆಗೆದು ನೋಡಿ. ಮುಂದೆ ಸರಿದಿದ್ದರೆ ನಿಮ್ಮ ಮಾಡೆಲ್ ಇನ್ನೂ ಆ ಎಕ್ಸೆಲ್ ಶೀಟಿನಲ್ಲಿ "ಹೌದು" ಕಾಲಂನಲ್ಲಿದೆ. ಆರು ತಿಂಗಳಾದರೂ ಕದಲದೇ ಇದ್ದರೆ ಬ್ಯಾಂಕಿನ ಕೆಲಸವನ್ನು ಆ ಫೋನಿನಿಂದ ತೆಗೆದು, ಹೊಸದು ಹುಡುಕಲು ಶುರುಮಾಡಿ.